2,949 ರೂಪಾಯಿಯ ನಾಯಕತ್ವ: ಬಳ್ಳಾರಿಯ ಒಂದು ದಿನದ ವರ್ಕ್‌ಶಾಪ್ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಸ್ಟಾರ್ ಒಂದು ಕ್ರಿಕೆಟ್ ಕಥೆಗೆ, ಅರ್ಧ ಮಧ್ಯಾಹ್ನದ ಊಟಕ್ಕೆ. ಉಳಿದದ್ದು ಯಾಕೆ ಕೊಟ್ಟಿಲ್ಲ ಅಂತ ಬರೆಯುತ್ತಾ ಹೋಗುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

ಕೌಲ್ ಬಜಾರ್ ಕಡೆ ನಮ್ಮದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. 28 ಮಿಷನ್. ಬಳ್ಳಾರಿ ಅಂದರೆ ಹೊರಗಿನವರಿಗೆ ಗಣಿ ನೆನಪಾಗುತ್ತೆ, ನಮ್ಮ ಓಣಿಯವರಿಗೆ ಡೆನಿಮ್. ಒಬ್ಬರ ಕಡೆ ಕಟಿಂಗ್, ಇನ್ನೊಬ್ಬರ ಕಡೆ ಹೊಲಿಗೆ, ಮತ್ತೊಬ್ಬರ ಕಡೆ ವಾಷಿಂಗ್, ಆಮೇಲೆ ಮನೆಮನೆಯಲ್ಲಿ ಹೆಂಗಸರು ಕೂತು ದಾರ ಕತ್ತರಿಸುತ್ತಾರೆ, ಹಿಂಗೆ ಒಂದು ಪ್ಯಾಂಟು ಅರ್ಧ ಊರು ಸುತ್ತಿ ಬರುತ್ತೆ. ಮೊದಲು ಯೂನಿಟ್ಟನ್ನು ನಮ್ಮ ಮಾವನವರು ನೋಡಿಕೊಳ್ಳುತ್ತಿದ್ದರು. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ನಾನು ಮತ್ತು ಮೈದುನ. ಒಂಬತ್ತು ವರ್ಷ ಆಯ್ತು. ನಾಯಕತ್ವ ಅನ್ನೋ ಪದ ನಮ್ಮ ಮನೆಯಲ್ಲಿ ಚುನಾವಣೆ ಬಂದಾಗ ಮಾತ್ರ ಕೇಳುತ್ತಿತ್ತು.

ಈ ವರ್ಕ್‌ಶಾಪಿನ ಪೋಸ್ಟರ್ ವಾಟ್ಸಾಪ್‌ನಲ್ಲಿ ಬಂತು. ಮೈಕ್ರೋಸಾಫ್ಟ್‌ನ ಸತ್ಯ ನಾಡೆಲ್ಲಾ ಅವರ ವೃತ್ತಿ ಬದುಕಿನಿಂದ ನಾಯಕತ್ವದ ಪಾಠ, ಸಣ್ಣ ಉದ್ಯಮಿಗಳಿಗೆ, ಒಂದು ದಿನ, ಕನ್ನಡದಲ್ಲಿ, 2,499 ರೂಪಾಯಿ. ಕೌಂಟರಿನಲ್ಲಿ ಕಟ್ಟುವಾಗ ಅದಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 2,949 ಆಯ್ತು. ಪೋಸ್ಟರಿನಲ್ಲಿ ಅದು ಇರಲಿಲ್ಲ. ವ್ಯಾಪಾರ ಮಾಡುವವರಿಗೇ ಹಿಂಗೆ ಮಾಡಿದರೆ ಹೇಗೆ ಸ್ವಾಮಿ! ಸಂಸ್ಥೆಯ ಹೆಸರು ಬರೆಯಲ್ಲ, ಹೋಟೆಲ್ ಹೆಸರೂ ಬೇಡ. ಊರು ಊರಿಗೆ ಹೋಗಿ ಇಂಥ ವರ್ಕ್‌ಶಾಪ್ ಮಾಡುವವರು ಬಹಳ ಮಂದಿ ಇದ್ದಾರೆ, ಎಲ್ಲರದೂ ಸುಮಾರು ಹಿಂಗೇ ಇರುತ್ತೆ ಅಂತ ಹೋಗಿಬಂದವರು ಹೇಳುತ್ತಾರೆ.

ನಾನು ಹೋಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸ್ವಲ್ಪ ದಿನದ ಹಿಂದೆ ಒಂದು ಲಾಟ್ ಪ್ಯಾಂಟ್ ಕೆಟ್ಟು ಕೈ ಸುಟ್ಟುಕೊಂಡಿದ್ದೆ. ಯೂನಿಟ್ಟಿಗೆ ಕಾಲಿಟ್ಟರೆ ಸಾಕು ಎಲ್ಲರೂ ಮಾತು ನಿಲ್ಲಿಸಿ ತಲೆ ತಗ್ಗಿಸುತ್ತಿದ್ದರು. ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿರುವ ಮಗಳು, "ಅಮ್ಮಾ, ಒಂದಿನ ಯೂನಿಟ್ ಬಿಟ್ಟು ಎಲ್ಲಾದ್ರೂ ಹೋಗು, ಅವರಾದ್ರೂ ಉಸಿರಾಡ್ಲಿ" ಅಂದಳು. ಸರಿ ಅಂತ ಹೊರಟೆ.

ಬೆಳಿಗ್ಗೆ ಒಂಬತ್ತೂವರೆಗೆ ಶುರು ಅಂದಿದ್ದರು. ಶುರುವಾಗಿದ್ದು ಹತ್ತು ಐವತ್ತಕ್ಕೆ. ತಿಂಡಿ ಇದೆ ಅಂದಿದ್ದರು, ಇದ್ದದ್ದು ಎರಡು ಬಿಸ್ಕತ್ತು, ಒಂದು ಚಹಾ. ನಾನೂ ಪಕ್ಕದಲ್ಲಿ ಕೂತಿದ್ದ ಹಪ್ಪಳ-ಸಂಡಿಗೆ ವ್ಯಾಪಾರದ ಅಕ್ಕನೂ ಎದ್ದು ಹೋಗಿ ಎದುರಿನ ಗಾಡಿಯಲ್ಲಿ ಒಗ್ಗಾಣಿ ಮಿರ್ಚಿ ತಿಂದು ಬಂದೆವು, ಆಗಲೂ ಮೈಕ್ ಟೆಸ್ಟಿಂಗ್ ನಡೆದಿತ್ತು. ಸುಮಾರು 40 ಮಂದಿ ಇದ್ದರು. ಅಕ್ಕಿ ಗಿರಣಿಯವರು, ವಾಷಿಂಗ್ ಯೂನಿಟ್‌ನವರು, ಟ್ಯೂಷನ್ ನಡೆಸುವವರು, ಎರಡು ಮೂರು ಮೆಡಿಕಲ್ ಶಾಪ್‌ನವರು. ಹೆಂಗಸರು ಆರು.

ಟ್ರೇನರ್ ಬೆಂಗಳೂರಿನಿಂದ ಬಂದಿದ್ದ ಹುಡುಗ, ಮಾತು ಚೆನ್ನಾಗಿತ್ತು, ಧ್ವನಿ ಇನ್ನೂ ಚೆನ್ನಾಗಿತ್ತು. ಒಳ್ಳೆ ಬ್ರ್ಯಾಂಡಿನ ಜೀನ್ಸ್ ಹಾಕಿದ್ದ. ಹಿಂದಿನ ಪಾಕೆಟಿನ ಮೂಲೆಯಲ್ಲಿ ಬಾರ್‌ಟ್ಯಾಕ್, ಅಂದರೆ ಗಟ್ಟಿಗೆ ಅಂತ ಹಾಕುವ ಒತ್ತು ಹೊಲಿಗೆ, ಬಿಟ್ಟುಕೊಂಡಿತ್ತು. ನನ್ನ ಕಣ್ಣು ಹೋಗುವುದೇ ಅಲ್ಲಿಗೆ, ಏನು ಮಾಡೋದು. ಕನ್ನಡದಲ್ಲಿ ಅಂದಿದ್ದರಲ್ಲ, ಮೊದಲ ಹತ್ತು ನಿಮಿಷ ಕನ್ನಡ, ಆಮೇಲೆ ಕ್ರಿಯಾಪದ ಮಾತ್ರ ಕನ್ನಡ. ಸ್ಲೈಡ್ ಪೂರ್ತಿ ಇಂಗ್ಲಿಷ್. ಹಿಂದಿನ ಸಾಲಿನಿಂದ ಒಬ್ಬರು ಯಜಮಾನರು "ಸಾರ್, ಸ್ವಲ್ಪ ನಮ್ಮ ಭಾಷೆದಾಗ ಹೇಳ್ರಿ" ಅಂತ ಎರಡು ಸಲ ಕೇಳಿದರು. ಎರಡು ಸಲವೂ ಐದು ನಿಮಿಷ ಕನ್ನಡ ಬಂತು.

ನಾಡೆಲ್ಲಾ ಅವರ ಪರಿಚಯ ಹೇಳಿದರು. 1967ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ್ದು, ಅಪ್ಪ ಐಎಎಸ್ ಅಧಿಕಾರಿ, ಅಮ್ಮ ಸಂಸ್ಕೃತ ಉಪನ್ಯಾಸಕಿ. ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ, ಆಮೇಲೆ ಅಮೆರಿಕ, 1992ರಲ್ಲಿ ಮೈಕ್ರೋಸಾಫ್ಟ್, 2014ರ ಫೆಬ್ರವರಿ 4ಕ್ಕೆ ಅದರ ಸಿಇಒ. ಬಿಲ್ ಗೇಟ್ಸ್, ಸ್ಟೀವ್ ಬಾಲ್ಮರ್ ಆದ ಮೇಲೆ ಮೂರನೆಯವರು. ಅವರ ಅಪ್ಪನ ಮೂಲ ನಮ್ಮ ಪಕ್ಕದ ಅನಂತಪುರ ಜಿಲ್ಲೆ ಅಂತ ಟ್ರೇನರ್ ಹೇಳಲಿಲ್ಲ, ಹಾಲಿನಲ್ಲಿದ್ದ ಒಬ್ಬ ಮೆಡಿಕಲ್ ಶಾಪ್‌ನವರು ಎದ್ದು ಹೇಳಿದರು. ಹಾಲಿನಲ್ಲಿ ಒಂದು ಕ್ಷಣ ಏನೋ ಹತ್ತಿರದ ನೆಂಟರ ಸುದ್ದಿ ಕೇಳಿದಂಥ ಖುಷಿ. ಬಳ್ಳಾರಿಯಲ್ಲಿ ಅರ್ಧ ಮಂದಿಗೆ ಅನಂತಪುರದ ಕಡೆ ಬೀಗರು ಇದ್ದೇ ಇರುತ್ತಾರೆ, ಅಲ್ವಾ. ಟ್ರೇನರ್ "ಗ್ರೇಟ್ ಸರ್" ಅಂತ ಮುಂದಿನ ಸ್ಲೈಡಿಗೆ ಹೋದರು.

ನನಗೆ ಅಲ್ಲೇ ಒಂದು ಲೆಕ್ಕ ತಲೆಗೆ ಬಂತು. 1992ರಿಂದ 2014. ಅಂದರೆ 22 ವರ್ಷ ಒಂದೇ ಕಂಪನಿಯಲ್ಲಿ ಕೆಲಸ. ಪೋಸ್ಟರಿನಲ್ಲಿ "ಒಂದೇ ದಿನದಲ್ಲಿ ನಿಮ್ಮೊಳಗಿನ ನಾಯಕ ಎದ್ದು ನಿಲ್ಲುತ್ತಾನೆ" ಅಂತ ಇತ್ತು. ಪಕ್ಕದ ಅಕ್ಕನಿಗೆ ಹೇಳಿದೆ. "ನಮ್ಮದಾಗೆ ಎದ್ದು ನಿಂತ್ರೂ ಸಂಜೆಗೆ ಕೂತ್ಕಂತದ ಬಿಡಕ್ಕಾ" ಅಂದರು.

ಮೈಕ್ರೋಸಾಫ್ಟ್ ಸೇರುವ ಮೊದಲು ನಡೆದ ಇಂಟರ್ವ್ಯೂ ಕಥೆ ಹೇಳಿದರು, ಅದು ಚೆನ್ನಾಗಿತ್ತು. ರಸ್ತೆಯಲ್ಲಿ ಒಂದು ಮಗು ಬಿದ್ದು ಅಳುತ್ತಿದೆ, ನೀನೇನು ಮಾಡುತ್ತೀ ಅಂತ ಕೇಳಿದರಂತೆ. ನಾಡೆಲ್ಲಾ 911ಕ್ಕೆ ಫೋನ್ ಮಾಡುತ್ತೇನೆ ಅಂದರಂತೆ, ಅದು ಅಮೆರಿಕದ ತುರ್ತು ನಂಬರ್. ಕೇಳಿದವರು ಎದ್ದು, ಮಗು ಅಳುತ್ತಿದ್ದರೆ ಮೊದಲು ಎತ್ತಿಕೊಳ್ಳಬೇಕು ಕಣಯ್ಯಾ ಅಂತ ಹೇಳಿದರಂತೆ. ಟ್ರೇನರ್ ಇದನ್ನು ದೊಡ್ಡ ರಹಸ್ಯ ಬಿಚ್ಚಿಟ್ಟ ಹಾಗೆ ಹೇಳಿ ಒಂದು ಕ್ಷಣ ಸುಮ್ಮನಾದರು. ಆ ಸದ್ದಿಲ್ಲದ ಹೊತ್ತಿನಲ್ಲಿ ಹಪ್ಪಳದ ಅಕ್ಕ ಜೋರಾಗೇ "ಎತ್ಕಳ್ಳದು ಬಿಟ್ಟು ಮತ್ತೇನ್ ಮಾಡ್ತಾರ ಯಾರಾದ್ರೂ" ಅಂದುಬಿಟ್ಟರು. ಇಡೀ ಹಾಲ್ ನಕ್ಕಿತು. ಆದರೆ ಯೋಚನೆ ಮಾಡಿ ನೋಡಿ, ನಮ್ಮ ಯೂನಿಟ್ಟಿನಲ್ಲಿ ಹುಡುಗಿಯೊಬ್ಬಳ ಬೆರಳಿಗೆ ಸೂಜಿ ಹೊಕ್ಕಾಗ ನಾನು ಮೊದಲು ಕೇಳಿದ್ದು "ಪೀಸಿಗೆ ರಕ್ತ ಹತ್ತಿಲ್ಲ ತಾನೆ" ಅಂತ. ನಾನೂ ನಗುವವರಲ್ಲಿ ಸೇರಿ ನಕ್ಕೆ, ಆಮೇಲೆ ಅದು ನೆನಪಾಯಿತು.

ಇದಾದ ಮೇಲೆ ಅವರ ಮಗನ ವಿಷಯ. ನಾಡೆಲ್ಲಾ ದಂಪತಿಯ ಮೊದಲ ಮಗ ಝೈನ್ 1996ರಲ್ಲಿ ಹುಟ್ಟಿದ್ದು, ಹುಟ್ಟುವಾಗಲೇ ಸೆರೆಬ್ರಲ್ ಪಾಲ್ಸಿ, ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. 2022ರಲ್ಲಿ ತೀರಿಕೊಂಡ. ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳೋದನ್ನು ತಾನು ಕಲಿತದ್ದು ಮಗನಿಂದ ಅಂತ ನಾಡೆಲ್ಲಾ ತಾವೇ ಹೇಳಿಕೊಂಡಿದ್ದಾರೆ. ಇದನ್ನು ಸುಮ್ಮನೆ ಹೇಳಿದ್ದರೂ ನಮಗೆ ತಟ್ಟುತ್ತಿತ್ತು. ಇವರು ಲೈಟ್ ಆರಿಸಿ, ವೀಣೆ ಬಾರಿಸಿ, ಪರದೆ ಮೇಲೆ ಫೋಟೋ ನಿಧಾನಕ್ಕೆ ದೊಡ್ಡದಾಗುವ ಹಾಗೆ ಮಾಡಿದರು. ನನಗೆ ಇಷ್ಟ ಆಗಲಿಲ್ಲ. ಯಾರದೋ ಮನೆಯ ಮಗ, ತೀರಿಹೋಗಿದ್ದಾನೆ, ಅದಕ್ಕೆ ಹಿನ್ನೆಲೆ ಸಂಗೀತ ಹಾಕಿ ನಮ್ಮನ್ನು ಅಳಿಸಿ ಫೀಸ್ ವಸೂಲಿ ಮಾಡಬಾರದು.

ಈಗ ಕ್ರಿಕೆಟ್ ಕಥೆ. ಇದನ್ನು ಅವರು ಊಟಕ್ಕೆ ಮುಂಚೆ, ಹಸಿವಾಗಿ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದಾಗ, ನಾಲ್ಕೇ ನಿಮಿಷದಲ್ಲಿ ಹೇಳಿ ಮುಗಿಸಿದರು. ಇಡೀ ದಿನದಲ್ಲಿ ಇದ್ದ ಚಿನ್ನ ಅದೊಂದೇ.

ನಾಡೆಲ್ಲಾ ಹೈದರಾಬಾದಿನಲ್ಲಿ ಶಾಲೆ ಟೀಮಿನ ಸ್ಪಿನ್ನರ್. ಒಂದು ಮ್ಯಾಚಿನಲ್ಲಿ ಹುಡುಗ ಕೆಟ್ಟದಾಗಿ ಬೌಲಿಂಗ್ ಮಾಡುತ್ತಿದ್ದಾನೆ, ಎದುರಿನವರು ಹೊಡೆಯುತ್ತಿದ್ದಾರೆ. ಕ್ಯಾಪ್ಟನ್ ಬಂದು ಚೆಂಡು ಇಸಿದುಕೊಂಡ, ತಾನೇ ಬೌಲ್ ಮಾಡಿದ, ವಿಕೆಟ್ ತೆಗೆದ. ಇಲ್ಲಿಯವರೆಗೆ ಮಾಮೂಲಿ. ಯಾವ ಕ್ಯಾಪ್ಟನ್ ಆದರೂ ಮಾಡುವುದೇ. ಆದರೆ ವಿಕೆಟ್ ತೆಗೆದ ಮೇಲೆ ಆ ಕ್ಯಾಪ್ಟನ್ ಚೆಂಡನ್ನು ವಾಪಸ್ ತಂದು ಅದೇ ಹುಡುಗನ ಕೈಗೆ ಕೊಟ್ಟ. ಹುಡುಗ ಆಮೇಲೆ ಒಂದಾದ ಮೇಲೊಂದು ವಿಕೆಟ್ ತೆಗೆದ. ಅವನು ಯಾಕೆ ಹಂಗೆ ಮಾಡಿದ ಅಂತ ನಾಡೆಲ್ಲಾ ಯಾವತ್ತೂ ಕೇಳಲಿಲ್ಲವಂತೆ, ಆ ವರ್ಷ ಪೂರ್ತಿ ನಾನು ಬೇಕಾಗಿದ್ದೆ, ನನ್ನ ಧೈರ್ಯ ಮುರಿಯೋದು ಅವನಿಗೆ ಬೇಡವಾಗಿತ್ತು ಅನ್ನಿಸುತ್ತೆ ಅನ್ನುವ ಅರ್ಥದಲ್ಲಿ ಮುಂದೆ ತಾವೇ ಹೇಳಿಕೊಂಡರಂತೆ. ಶಾಲೆ ಹುಡುಗ ನೋಡಿ, ಆ ಕ್ಯಾಪ್ಟನ್!

ಹಾಲಿನಲ್ಲಿ ಚಪ್ಪಾಳೆ ಬಿತ್ತು, ಟ್ರೇನರ್ "ಡೆಲಿಗೇಷನ್, ನಂಬರ್ ಫೋರ್" ಅಂತ ಸ್ಲೈಡ್ ಬದಲಾಯಿಸಿದರು. ನನಗೆ ಅನ್ನಿಸಿದ್ದು, ಇದು ಡೆಲಿಗೇಷನ್ನೇ ಅಲ್ಲ. ಕೆಲಸ ಹಂಚೋದು ಸುಲಭ, ಎಲ್ಲರೂ ಹಂಚುತ್ತೇವೆ. ಕಿತ್ತುಕೊಂಡ ಕೆಲಸವನ್ನು ತಿರುಗಿ ಅದೇ ಮನುಷ್ಯನ ಕೈಗೆ ಕೊಡೋದು ಬೇರೆ. ಅದರಲ್ಲೂ ನಾವು ಮಾಡಿ ಗೆದ್ದು ತೋರಿಸಿದ ಮೇಲೆ ಕೊಡೋದು ಇನ್ನೂ ಬೇರೆ. ಗೆದ್ದ ಮೇಲೆ ಚೆಂಡು ನಮ್ಮ ಕೈಯಲ್ಲೇ ಇರಲಿ ಅನ್ನಿಸುತ್ತೆ. ನನಗೆ ಐದು ವಾರದಿಂದ ಹಂಗೇ ಅನ್ನಿಸಿತ್ತು, ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಊಟ ಚೆನ್ನಾಗಿತ್ತು, ಆ ಅರ್ಧ ಸ್ಟಾರ್ ನ್ಯಾಯವಾಗಿ ಸಲ್ಲಬೇಕು. ಜೋಳದ ರೊಟ್ಟಿ ಬಿಸಿ ಇತ್ತು, ಎಣ್ಣೆಗಾಯಿ ಇತ್ತು, ಶೇಂಗಾ ಚಟ್ನಿ ಇತ್ತು. ಎಸಿ ಮಾತ್ರ ಊಟ ಆದ ಮೇಲೆ ಕೈಕೊಟ್ಟಿತು. ಬಳ್ಳಾರಿ ಬಿಸಿಲಲ್ಲಿ ಮಧ್ಯಾಹ್ನ ಎರಡು ಗಂಟೆಗೆ, ರೊಟ್ಟಿ ಊಟ ಆದ ಮೇಲೆ, ಎಸಿ ಇಲ್ಲದ ಹಾಲಿನಲ್ಲಿ ನಾಯಕತ್ವ ಕಲಿಸೋದು ಯಾರಿಂದಲೂ ಆಗಲ್ಲ. ಕಣ್ಣು ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ನಡೆಯುವ ಆಟ ಆಡಿಸಿದರು. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ. ಅಕ್ಕಿ ಗಿರಣಿಯವರು ಕುರ್ಚಿಗೆ ಮೊಣಕಾಲು ಬಡಿದುಕೊಂಡರು.

ಮಧ್ಯಾಹ್ನದ ಪಾಠ "ಒಳಗಿನ ಜಗಳ" ಅಂತ. ಮೈಕ್ರೋಸಾಫ್ಟ್‌ನಲ್ಲಿ ಹಿಂದೆ ಪ್ರತಿ ಟೀಮಿನಲ್ಲೂ ಇಂತಿಷ್ಟು ಜನ ಉತ್ತಮ, ಇಂತಿಷ್ಟು ಜನ ಸಾಧಾರಣ, ಇಂತಿಷ್ಟು ಜನ ಕಳಪೆ ಅಂತ ಸಾಲಾಗಿ ನಿಲ್ಲಿಸಲೇಬೇಕು ಅನ್ನುವ ಪದ್ಧತಿ ಇತ್ತಂತೆ. ಟೀಮಿನಲ್ಲಿ ಎಲ್ಲರೂ ಚೆನ್ನಾಗಿ ಕೆಲಸ ಮಾಡಿದ್ದರೂ ಯಾರಾದರೂ ಒಬ್ಬರು ಕಳಪೆ ಆಗಲೇಬೇಕು. ಆಗ ಏನಾಗುತ್ತೆ, ಹೊರಗಿನ ಕಂಪನಿ ಜೊತೆ ಪೈಪೋಟಿ ಬಿಟ್ಟು ಪಕ್ಕದ ಕುರ್ಚಿಯವನ ಜೊತೆಗೇ ಪೈಪೋಟಿ. ಇದು ನಿಜವಾಗಿ ನಾಟಿತು, ಯಾಕೆಂದರೆ ನಾನೂ ನಮ್ಮಲ್ಲಿ ವಾರದ ಬೆಸ್ಟ್ ಟೈಲರ್ ಅಂತ ಬೋರ್ಡ್ ಹಾಕಿದ್ದೆ. ಬೋರ್ಡ್ ಹಾಕಿದ ಮೇಲೆ ಪಾಕೆಟ್ ಹೊಲಿಯುವವಳು ಬೆಲ್ಟ್ ಹಾಕುವವಳಿಗೆ ಬಾಬಿನ್ ಸಹ ಸಾಲ ಕೊಡುತ್ತಿರಲಿಲ್ಲ. ಪಕ್ಕದವಳ ಮಿಷನ್ನಿನಲ್ಲಿ ದಾರ ತುಂಡಾದರೆ ಒಳಗೊಳಗೇ ಖುಷಿ.

ಆದರೆ ಈ ಪದ್ಧತಿ ತೆಗೆದುಹಾಕಿದ್ದು ನಾಡೆಲ್ಲಾ ಅಂತ ಟ್ರೇನರ್ ಹೇಳಿದರು. ಮನೆಗೆ ಬಂದು ಓದಿದರೆ, ಅದನ್ನು ತೆಗೆದದ್ದು 2013ರ ನವೆಂಬರ್‌ನಲ್ಲಿ, ಬಾಲ್ಮರ್ ಇನ್ನೂ ಕುರ್ಚಿಯಲ್ಲಿ ಇದ್ದಾಗ. ನಾಡೆಲ್ಲಾ ಬಂದದ್ದು ಅದಾಗಿ ಮೂರು ತಿಂಗಳಿಗೆ. ಸಣ್ಣ ತಪ್ಪು ಅನ್ನಬಹುದು. ನನಗೆ ಸಣ್ಣದು ಅನ್ನಿಸಲಿಲ್ಲ. ನಮ್ಮ ಯೂನಿಟ್ಟಿನಲ್ಲಿ ಮಾವನವರ ಕಾಲದಲ್ಲಿ ಆದ ಒಳ್ಳೆಯದನ್ನೆಲ್ಲ ನನ್ನ ಲೆಕ್ಕಕ್ಕೆ ಹಾಕಿಕೊಂಡು ಮಾತಾಡುವವರು ಇದ್ದಾರೆ, ಕೇಳಲು ಹಿತವಾಗಿರುತ್ತೆ, ಆದರೆ ಮಾವ ಅಲ್ಲೇ ಕಟ್ಟೆ ಮೇಲೆ ಕೂತಿರುತ್ತಾರೆ. ಐಪ್ಯಾಡಿನಲ್ಲಿ ವರ್ಡು, ಎಕ್ಸೆಲ್ಲು ಬರುವ ಹಾಗೆ ಮಾಡಿದ್ದೂ ಹಾಗೇ. 2014ರ ಮಾರ್ಚ್‌ನಲ್ಲಿ, ಕುರ್ಚಿಗೆ ಬಂದು ಎರಡೇ ತಿಂಗಳಿಗೆ ನಾಡೆಲ್ಲಾ ಅದನ್ನು ಬಿಡುಗಡೆ ಮಾಡಿದರು, ಸರಿ. ಎದುರಾಳಿ ಆಪಲ್‌ನ ಯಂತ್ರಕ್ಕೆ ತಮ್ಮ ಸರಕು ಕೊಡೋದಕ್ಕೆ ಎದೆ ಬೇಕು. ಆದರೆ ಎರಡು ತಿಂಗಳಲ್ಲಿ ಅದು ತಯಾರಾಗುತ್ತಾ? ಹಿಂದಿನವರ ಕಾಲದಲ್ಲೇ ಹೊಲಿದು ಇಟ್ಟಿದ್ದು ಅದು.

"ಎಂಪತಿ", ಅಂದರೆ ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳೋದು, ಅನ್ನುವ ಪದವನ್ನು ಆ ದಿನ ಟ್ರೇನರ್ ಎಷ್ಟು ಸಲ ಹೇಳಿದರೋ. ಕೊನೆಗೆ ವಾಷಿಂಗ್ ಯೂನಿಟ್ಟಿನ ಒಬ್ಬರು ಕೈ ಎತ್ತಿ, "ಸಾರ್, ಅವರು ಮಂದೀನ ಕೆಲಸದಿಂದ ತಗದಿಲ್ಲೇನ್ರಿ?" ಅಂತ ಕೇಳಿದರು. ನೇರ ಪ್ರಶ್ನೆ. ಉತ್ತರವೂ ನೇರವಾಗಿ ಇದೆ. ಕುರ್ಚಿಗೆ ಬಂದ ವರ್ಷವೇ, 2014ರ ಜುಲೈನಲ್ಲಿ, 18,000 ಜನರನ್ನು ತೆಗೆಯುತ್ತೇವೆ ಅಂದರು, ಹೆಚ್ಚಿನವರು ಆಗಷ್ಟೇ ಕೊಂಡಿದ್ದ ನೋಕಿಯಾ ಫೋನ್ ವಿಭಾಗದವರು. ಮರುವರ್ಷ ಇನ್ನೂ 7,800. ಆ ಫೋನ್ ವ್ಯವಹಾರದ 760 ಕೋಟಿ ಡಾಲರ್ ಹೋಯ್ತು ಅಂತ ಕಂಪನಿಯ ಲೆಕ್ಕದಲ್ಲೇ ಬರೆದುಕೊಂಡರು. 2023ರ ಜನವರಿಯಲ್ಲಿ ಮತ್ತೆ 10,000. ನೋಕಿಯಾ ಕೊಂಡುಕೊಳ್ಳುವ ನಿರ್ಧಾರ ಹಿಂದಿನವರದು, ಮುಚ್ಚುವ ಪಾಡು ಇವರದು. ಒಬ್ಬ ನಾಯಕ ಇನ್ನೊಬ್ಬರ ಕಷ್ಟ ಗೊತ್ತಿದ್ದೂ ಇಂಥ ಕೆಲಸ ಹೇಗೆ ಮಾಡುತ್ತಾನೆ, ರಾತ್ರಿ ನಿದ್ದೆ ಹೇಗೆ ಮಾಡುತ್ತಾನೆ, ಕಲಿಯುವುದಿದ್ದರೆ ಅಲ್ಲೇ ಇತ್ತು. ಲಾಕ್‌ಡೌನ್ ಟೈಮಲ್ಲಿ ನಮ್ಮಲ್ಲಿ ಎಷ್ಟು ಜನರನ್ನು ಮನೆಗೆ ಕಳಿಸಿದೆವು, ಯಾರನ್ನು ಮೊದಲು, ಯಾರನ್ನು ಕೊನೆಗೆ, ಅದನ್ನು ಮಾತಾಡಬೇಕು ಅಂತ ಆ ಹಾಲಿನಲ್ಲಿ ಬಹಳ ಮಂದಿಗೆ ಇತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಟ್ರೇನರ್ "ಪ್ರಶ್ನೆಗಳು ಕೊನೆಯಲ್ಲಿ ಸರ್" ಅಂದರು. ಕೊನೆಯಲ್ಲಿ ಟೈಮ್ ಇರಲಿಲ್ಲ.

ನನಗೆ ಸಿಟ್ಟು ಬಂದ ಜಾಗ ಇನ್ನೂ ಮುಂದೆ ಇದೆ. ಮೂರೂವರೆ ಹೊತ್ತಿಗೆ ಒಂದು ಸ್ಲೈಡ್ ಬಂತು. ಸಂಬಳ ಜಾಸ್ತಿ ಮಾಡಿ ಅಂತ ಕೇಳಬೇಡಿ, ಕೆಲಸ ಮಾಡುತ್ತಾ ಇರಿ, ವ್ಯವಸ್ಥೆ ತಾನಾಗಿ ಕೊಡುತ್ತೆ, ಅದೇ ಒಳ್ಳೆ ಕರ್ಮ ಅಂತ ನಾಡೆಲ್ಲಾ ಹೇಳಿದ್ದಾರೆ ಅಂತ. "ಇದನ್ನು ನಿಮ್ಮ ಕೆಲಸಗಾರರಿಗೆ ಹೇಳಿ" ಅಂದರು. ಇಡೀ ದಿನದಲ್ಲಿ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದದ್ದು ಇದಕ್ಕೆ. ಎಲ್ಲರೂ ಮಾಲೀಕರೇ ತಾನೆ. ಸುಳ್ಳು ಯಾಕೆ, ನಾನೂ ತಟ್ಟಿದೆ. ದಾರ ಕತ್ತರಿಸುವ ಹೆಂಗಸರು ಪ್ಯಾಂಟಿಗೆ ಒಂದು ರೂಪಾಯಿ ಜಾಸ್ತಿ ಕೊಡಿ ಅಂತ ಎರಡು ತಿಂಗಳಿಂದ ಕೇಳುತ್ತಿದ್ದರು, ನಾನು ಹಬ್ಬ ಆಗಲಿ ಹಬ್ಬ ಆಗಲಿ ಅಂತ ತಳ್ಳುತ್ತಿದ್ದೆ. ಆ ಸ್ಲೈಡ್ ನೋಡಿ ನನಗೆ ಎಷ್ಟು ಹಾಯೆನಿಸಿತು ಅಂದರೆ ಫೋಟೋ ತೆಗೆದು ಮಗಳಿಗೆ ಕಳಿಸಿದೆ.

ಐದು ನಿಮಿಷಕ್ಕೆ ಅವಳ ಮೆಸೇಜ್. "ಅಮ್ಮಾ, ಅದು ಹೇಳಿ ಅವತ್ತೇ ಕ್ಷಮೆ ಕೇಳಿದ್ದಾರೆ ಅವರು."

ನಡೆದದ್ದು ಇಷ್ಟು. 2014ರ ಅಕ್ಟೋಬರ್ 9, ಅಮೆರಿಕದ ಫೀನಿಕ್ಸ್ ಊರಿನಲ್ಲಿ ಕಂಪ್ಯೂಟರ್ ಕ್ಷೇತ್ರದ ಹೆಂಗಸರ ದೊಡ್ಡ ಸಮಾವೇಶ. ಸಂಬಳ ಜಾಸ್ತಿ ಕೇಳೋಕೆ ಹಿಂಜರಿಯುವ ಹೆಂಗಸರಿಗೆ ಏನು ಹೇಳುತ್ತೀರಿ ಅಂತ ಪ್ರಶ್ನೆ. ಆಗ ಬಂದದ್ದು ಈ ಕರ್ಮದ ಮಾತು. ವೇದಿಕೆ ಮೇಲೆ ಪ್ರಶ್ನೆ ಕೇಳುತ್ತಿದ್ದವರು ಮರಿಯಾ ಕ್ಲಾವೆ, ಅವರು ಆಗ ಮೈಕ್ರೋಸಾಫ್ಟ್‌ನ ಆಡಳಿತ ಮಂಡಳಿಯಲ್ಲೇ ಇದ್ದವರು, ಇದನ್ನು ನಾನು ಒಪ್ಪಲ್ಲ ಅಂತ ಅಲ್ಲೇ ಮುಖದ ಮೇಲೆ ಹೇಳಿದರು. ಅವತ್ತೇ ನಾಡೆಲ್ಲಾ ತಮ್ಮ ಕಂಪನಿಯವರಿಗೆಲ್ಲ ಪತ್ರ ಬರೆದು, ನಾನು ಕೊಟ್ಟ ಉತ್ತರ ಪೂರ್ತಿ ತಪ್ಪು, ಸಂಬಳ ಜಾಸ್ತಿ ಸಿಗಬೇಕು ಅನ್ನಿಸಿದರೆ ಸೀದಾ ಕೇಳಿ ಅಂತ ತಿಳಿಸಿದರು. ಕುರ್ಚಿಗೆ ಬಂದು ಎಂಟು ತಿಂಗಳು ಆಗಿತ್ತು ಅಷ್ಟೇ. ಇಷ್ಟು ದೊಡ್ಡ ಕಂಪನಿ, ಲಕ್ಷಕ್ಕೂ ಜಾಸ್ತಿ ಕೆಲಸಗಾರರು, ಅವರ ಮುಂದೆ ನಾನು ಹೇಳಿದ್ದು ತಪ್ಪು ಅಂತ ಅದೇ ದಿನ ಬರೆಯೋದು.

ಅಂದರೆ ಈ ಮನುಷ್ಯನ ಬದುಕಿನಿಂದ ಕಲಿಯಬೇಕಾದ ಪಾಠ ಆ ಕ್ಷಮೆ. ಇವರು ಕ್ಷಮೆಯನ್ನು ಕತ್ತರಿಸಿ ಎಸೆದು, ಅವರೇ ವಾಪಸ್ ತಗೊಂಡ ಮಾತನ್ನು ಫ್ರೇಮ್ ಹಾಕಿ ನಮಗೆ ಮಾರಿದರು. ನಾನು ಕೈ ಎತ್ತಿ ಹೇಳಿದೆ. ಟ್ರೇನರ್ ಹುಡುಗ ಒಂದು ಕ್ಷಣ ತಬ್ಬಿಬ್ಬಾದ, ಅವನಿಗೆ ಗೊತ್ತಿರಲಿಲ್ಲ ಅಂತ ಮುಖದಲ್ಲೇ ಕಾಣುತ್ತಿತ್ತು, ಯಾರೋ ಮಾಡಿಕೊಟ್ಟ ಪಿಪಿಟಿ ಇರಬೇಕು. "ಚೆಕ್ ಮಾಡ್ತೀನಿ ಮೇಡಂ" ಅಂದ. ಅಲ್ಲೇ ಎಲ್ಲರ ಮುಂದೆ ಫೋನ್ ತೆಗೆದು ನೋಡಿ, ಹೌದು ಮೇಡಂ, ತಪ್ಪಾಯ್ತು ಅಂದಿದ್ದರೆ ಇಡೀ ವರ್ಕ್‌ಶಾಪಿಗೆ ಐದಕ್ಕೆ ಐದು ಕೊಡುತ್ತಿದ್ದೆ, ದೇವರಾಣೆ. ಅವನು ಮುಂದಿನ ಸ್ಲೈಡಿಗೆ ಹೋದ.

ಆ ಕೆಟ್ಟ ಲಾಟಿನ ವಿಷಯ ಅಂದೆನಲ್ಲ, ಅದಕ್ಕೂ ಈ ರಿವ್ಯೂಗೂ ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ. 240 ಪ್ಯಾಂಟ್, 34 ಸೈಜು, ವಾಷಿಂಗ್‌ನಿಂದ ಬಂದಾಗ ಸೊಂಟ 32ಕ್ಕೆ ಇಳಿದಿತ್ತು. ಡೆನಿಮ್ ತೊಳೆದರೆ ಕುಗ್ಗುತ್ತೆ, ಎಷ್ಟು ಕುಗ್ಗುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಷ್ಟು ದೊಡ್ಡದಾಗಿ ಕಟ್ ಮಾಡಬೇಕು. ಅದು ಕಟಿಂಗ್ ಮಾಸ್ಟರ್ ಕೆಲಸ. ನಮ್ಮ ಮಾಸ್ಟರ್ ಮಾವನವರ ಕಾಲದಿಂದ ಇರುವವರು. ಅವರ ಕೈಯಿಂದ ಕಟಿಂಗ್ ಮಿಷನ್ ಕಿತ್ತುಕೊಂಡು ಮೈದುನನಿಗೆ ಕೊಟ್ಟೆ. ಅವರನ್ನು ಬಂಡಲ್ ಕಟ್ಟಿ ನಂಬರ್ ಚೀಟಿ ಅಂಟಿಸೋಕೆ ಕೂರಿಸಿದೆ. ಮೈದುನ ಮುಂದಿನ ಲಾಟ್ ಸರಿಯಾಗೇ ಮಾಡಿದ. ನಾನು ಗೆದ್ದೆ ಅಂದುಕೊಂಡೆ. ಐದು ವಾರ ಅವರು ಚೀಟಿ ಅಂಟಿಸಿದರು, ಒಂದು ಮಾತು ಆಡಲಿಲ್ಲ.

ವರ್ಕ್‌ಶಾಪಿನಿಂದ ಬಂದ ರಾತ್ರಿ ನಿದ್ದೆ ಬರಲಿಲ್ಲ. ಆ ಲಾಟಿನ ಬಟ್ಟೆ ಬೇರೆ ಇತ್ತು. ಸ್ಟ್ರೆಚ್ ಡೆನಿಮ್, ಮೀಟರಿಗೆ ಹನ್ನೆರಡು ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ಆರ್ಡರ್ ಮಾಡಿದ್ದು ನಾನು. ಹೊಸ ಬಟ್ಟೆ ಅಂತ ಮಾಸ್ಟರಿಗೆ ಹೇಳಿರಲಿಲ್ಲ. ಅವರು ಹಳೆ ಬಟ್ಟೆಯ ಲೆಕ್ಕದಲ್ಲಿ ಕಟ್ ಮಾಡಿದ್ದರು. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದೆ ಅಷ್ಟೇ.

ಸೋಮವಾರ ಬೆಳಿಗ್ಗೆ ಎಲ್ಲರೂ ಬಂದ ಮೇಲೆ, ಮಿಷನ್ ಶುರು ಮಾಡುವ ಮುಂಚೆ, "ಮಾಸ್ಟರ್, ಬಟ್ಟೆ ಬದಲಾಯಿಸಿದ್ದು ನಾನು, ನಿಮಗೆ ಹೇಳಲಿಲ್ಲ, ತಪ್ಪು ನಂದು" ಅಂದೆ. ಇಷ್ಟೇ ಹೇಳೋಕೆ ಗಂಟಲು ಒಣಗಿತು. ಕಟಿಂಗ್ ಮಿಷನ್ ಅವರ ಟೇಬಲ್ ಮೇಲೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮೊದಲು ಒಂದ್ ತುಂಡು ತೊಳಿಸಿ ನೋಡಾಣಕ್ಕಾ" ಅಂದರು. ಹೊಸ ಥಾನಿನಿಂದ ಒಂದು ತುಂಡು ಹರಿದು, ಅದರ ಮೇಲೆ 50 ಸೆಂಟಿಮೀಟರ್ ಉದ್ದ, 50 ಅಗಲದ ಚೌಕ ಗುರುತು ಮಾಡಿದರು. ಚಾಕಿನಲ್ಲಿ ಅಲ್ಲ, ಬಿಳಿ ದಾರದಲ್ಲಿ ಹೊಲಿಗೆ ಹಾಕಿ. ಚಾಕ್ ಆದರೆ ನೀರಲ್ಲಿ ಹೋಗುತ್ತಲ್ಲ. ಅದನ್ನು ವಾಷಿಂಗ್‌ಗೆ ಕಳಿಸಿದೆವು. ಮಾರನೇ ದಿನ ಬಂತು, ಟೇಪ್ ಇಟ್ಟು ನೋಡಿದರೆ ಉದ್ದ 48 ಮತ್ತು ಅರ್ಧ, ಅಗಲ 45. ಅಗಲದಲ್ಲೇ ಹತ್ತು ಪರ್ಸೆಂಟ್ ಹೋಗಿತ್ತು. ಮಾಸ್ಟರ್ ಟೇಪನ್ನು ನನ್ನ ಕಡೆ ತಿರುಗಿಸಿ ಹಿಡಿದರು, ಏನೂ ಅನ್ನಲಿಲ್ಲ. ಆಮೇಲೆ ಮಿಷನ್ ಕೈಗೆ ತಗೊಂಡರು. ಈಗ ಯಾವ ಥಾನು ಬಂದರೂ ಮೊದಲು ಆ ಚೌಕ ಹೊಲಿಯುತ್ತಾರೆ, ಆಮೇಲೇ ಕಟಿಂಗ್.

ಬೆಸ್ಟ್ ಟೈಲರ್ ಬೋರ್ಡ್ ತೆಗೆದೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ದಾರ ಕತ್ತರಿಸುವವರಿಗೆ ಕೇಳಿದ್ದು ಒಂದು ರೂಪಾಯಿ, ಕೊಟ್ಟದ್ದು ಅರವತ್ತು ಪೈಸೆ. ಉಳಿದ ನಲವತ್ತು ಮುಂದಿನ ಲಾಟಿಗೆ ಅಂದಿದ್ದೇನೆ. ಅವರು ನಂಬಿದ ಹಾಗೆ ಕಾಣಲ್ಲ, ನಾನು ಹಬ್ಬದ ಕಥೆ ಹೇಳಿಹೇಳಿ ಹಂಗಾಗಿದೆ.

ಹೋಗಬೇಕಾ ಬೇಡವಾ ಅಂತ ಕೇಳಿದರೆ, 2,949 ಜಾಸ್ತಿ ಆಯ್ತು. 800 ಇಟ್ಟು, ಅರ್ಧ ದಿನ ಮಾಡಿ, ಮೂರೇ ಕಥೆ ಪೂರ್ತಿಯಾಗಿ ಹೇಳಿ, ಉಳಿದ ಹೊತ್ತು ಕೂತವರಿಗೆ ಮಾತಾಡೋಕೆ ಬಿಟ್ಟರೆ ನಾನೇ ಹತ್ತು ಜನರನ್ನು ಕರೆದುಕೊಂಡು ಹೋಗುತ್ತೇನೆ. ಅಕ್ಕಿ ಗಿರಣಿಯವರು ಊಟದ ಹೊತ್ತಲ್ಲಿ ಹಮಾಲರ ಬಗ್ಗೆ ಹೇಳಿದ್ದು ಸ್ಲೈಡಿಗಿಂತ ಚೆನ್ನಾಗಿತ್ತು. ಎಸಿ ರಿಪೇರಿ ಮಾಡಿಸಿ, ಕನ್ನಡ ಅಂದಮೇಲೆ ಕನ್ನಡದಲ್ಲೇ ಹೇಳಿ, ಜಿಎಸ್‌ಟಿ ಪೋಸ್ಟರಿನಲ್ಲೇ ಹಾಕಿ.

ಮೊನ್ನೆ ಅವರ ಆಫೀಸಿನಿಂದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಎರಡು ದಿನದ ಅಡ್ವಾನ್ಸ್ಡ್ ಬ್ಯಾಚ್ ಹೊಸಪೇಟೆಯಲ್ಲಿ ಇದೆಯಂತೆ, 18,500 ರೂಪಾಯಿ, ಹಳಬರಿಗೆ ಡಿಸ್ಕೌಂಟ್. "ಜಿಎಸ್‌ಟಿ ಸೇರಿಯಾ?" ಅಂದೆ. ಇಲ್ಲ ಮೇಡಂ ಅಂದಳು. ಆ ಕರ್ಮದ ಸ್ಲೈಡ್ ತೆಗೆದಿದ್ದಾರಾ ಅಂತ ಕೇಳಿದೆ. "ಸರ್‌ಗೆ ಹೇಳ್ತೀನಿ ಮೇಡಂ" ಅಂದಳು. ಪಾಪ, ಅವಳಿಗೇನು ಗೊತ್ತು. ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ತಪ್ಪಾಗಿದೆ, ಸರಿ ಮಾಡಿ ಕಳಿಸುತ್ತೇವೆ ಅಂದಿದ್ದಿರಿ ಅಂತಲೂ ನೆನಪಿಸಿದೆ. ಅದು ಇನ್ನೂ ಬಂದಿಲ್ಲ. ತಪ್ಪು ಹೆಸರಿನದು ಕಟಿಂಗ್ ಟೇಬಲ್ ಮೇಲೆ ಬಿದ್ದಿತ್ತು. ಮಾಸ್ಟರ್ ಅದನ್ನು ಬಗ್ಗಿಸಿ ನೋಡಿ, "ಇದು ಬೇಕೇನಕ್ಕಾ?" ಅಂದರು. ಬೇಡ ಅಂದೆ. ಒಳ್ಳೆ ದಪ್ಪ ಕಾರ್ಡು, ವಾಚ್ ಪಾಕೆಟ್ಟಿನ ಪ್ಯಾಟ್ರನ್ ಕತ್ತರಿಸಿಕೊಂಡಿದ್ದಾರೆ.